ಈ ವರ್ಷ ನಾವು ಏನನ್ನು ಎದುರುನೋಡಬಹುದು? ಮಧ್ಯಮ ಗಾತ್ರದ ನಗರವೊಂದರ ಮೇಯರ್‌ಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ ನಮಸ್ಕಾರ.

ವರ್ಷದ ಮೊದಲ ವಾರಗಳಲ್ಲಿ ಪತ್ರಿಕೆ ತೆರೆದರೆ ಒಂದು ಪುಟ ಇದ್ದೇ ಇರುತ್ತದೆ: ಈ ವರ್ಷ ನಗರಕ್ಕೆ ಏನೇನು ಬರಲಿದೆ. ಒಂದು ಮೇಲ್ಸೇತುವೆ, ಒಂದು ಬಹುಮಹಡಿ ವಾಹನ ನಿಲುಗಡೆ, ಹೊಸ ಬಸ್ ನಿಲ್ದಾಣದ ಬಣ್ಣದ ಕಲ್ಪನಾಚಿತ್ರ. ಆ ಪುಟವನ್ನು ನಾನು ಆಸೆಯಿಂದಲೇ ಓದುತ್ತೇನೆ. ತಾನಿರುವ ಊರು ಇವತ್ತಿಗಿಂತ ನಾಳೆ ಚೆನ್ನಾಗಿರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ಆದರೆ ಓದಿ ಮುಗಿಸಿದಾಗ ಕೈಗೆ ಸಿಗುವುದು ಬಹಳ ಕಡಿಮೆ. ಯಾವ ಬೀದಿ, ಯಾವ ತಿಂಗಳು, ಯಾರು ಹೊಣೆ ಎಂಬುದು ಅಲ್ಲಿ ಇರುವುದಿಲ್ಲ. ವರ್ಷ ಕಳೆದ ಮೇಲೆ ಆ ಪುಟವನ್ನು ಎದುರಿಗಿಟ್ಟುಕೊಂಡು "ಇದಾಯಿತು, ಇದಾಗಲಿಲ್ಲ" ಎಂದು ಟಿಕ್ ಹಾಕಲು ಸಾಧ್ಯವೂ ಇಲ್ಲ.

ಆದ್ದರಿಂದ ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ ವಿಷಯ. ಈ ವರ್ಷ ನಾವು ಏನನ್ನು ಎದುರುನೋಡಬಹುದು ಎಂಬುದನ್ನು ಪತ್ರಿಕೆಗಳ ಊಹೆಗೆ ಬಿಡದೆ ನೀವೇ ಹೇಳಿ. ಒಂದು ಪಟ್ಟಿ ಹೊರಡಿಸಿ. ಅದರಲ್ಲಿ ನಾಲ್ಕು ಕಲಂ ಸಾಕು: ಎಲ್ಲಿ, ಏನು, ಯಾವ ತಿಂಗಳೊಳಗೆ, ಯಾವ ಅಧಿಕಾರಿಯ ಹೊಣೆ. ಮತ್ತು ಹನ್ನೆರಡು ತಿಂಗಳೊಳಗೆ ಮುಗಿಯುವಂಥ ಕೆಲಸಗಳನ್ನು ಮಾತ್ರ ಅದರಲ್ಲಿ ಸೇರಿಸಿ.

ಇದನ್ನು ಮಹಾನಗರದ ಮೇಯರ್‌ಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಗರಗಳ ಬಗ್ಗೆ ಮಾತು ಬಂದಾಗಲೆಲ್ಲ ಕೋಟಿ ಜನರಿರುವ ಊರುಗಳ ಹೆಸರೇ ಮುಂದೆ ಬರುತ್ತವೆ. ವಿಶ್ವಸಂಸ್ಥೆಯ 2018ರ ನಗರೀಕರಣ ವರದಿ ಬೇರೆಯೇ ಚಿತ್ರ ಕೊಡುತ್ತದೆ. ಜಗತ್ತಿನ ನಗರವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿದ್ದಾರೆ. ಒಂದು ಕೋಟಿಗಿಂತ ಹೆಚ್ಚು ಜನರಿರುವ 33 ಮಹಾನಗರಗಳಲ್ಲಿ ಇರುವವರು ಎಂಟರಲ್ಲಿ ಒಬ್ಬರು ಮಾತ್ರ. ಅಂದರೆ ನಿಮ್ಮಂಥವರ ಮೇಜಿನ ಮೇಲೆ ತೀರ್ಮಾನವಾಗುವ ಸಣ್ಣಪುಟ್ಟ ವಿಷಯಗಳೇ ಜಗತ್ತಿನ ಬಹುಪಾಲು ನಗರಜೀವನವನ್ನು ರೂಪಿಸುತ್ತವೆ. ಆದರೂ ನಮ್ಮಂಥ ಊರುಗಳು ಮಹಾನಗರದ ಬಟ್ಟೆಯನ್ನೇ ಅಳತೆ ತೆಗೆಯದೆ ತೊಡಲು ಹೋಗುತ್ತವೆ. ಅಲ್ಲಿ ಮೆಟ್ರೊ ಬಂದರೆ ಇಲ್ಲೂ ಬೇಕು, ಅಲ್ಲಿ ಎತ್ತರದ ರಸ್ತೆ ಬಂದರೆ ಇಲ್ಲೂ ಬೇಕು. ನಮ್ಮ ಗಾತ್ರಕ್ಕೆ ಮಾತ್ರ ಇರುವ ಅನುಕೂಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದೇನೆಂದು ಬಸ್ಸಿನ ಲೆಕ್ಕದಿಂದ ಹೇಳುತ್ತೇನೆ. ಒಂದು ಮಾರ್ಗದಲ್ಲಿ ಬಸ್ಸು ಹೋಗಿ ಬರಲು 40 ನಿಮಿಷ ಬೇಕು ಎಂದುಕೊಳ್ಳಿ. ಅಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಓಡಿಸಲು ನಾಲ್ಕು ಬಸ್ಸು ಸಾಕು, ಚಾಲಕರ ವಿಶ್ರಾಂತಿಯ ಹೊತ್ತು ಸೇರಿಸಿದರೆ ಐದು. ಮಹಾನಗರದಲ್ಲಿ ಹೋಗಿ ಬರಲು ಎರಡು ಗಂಟೆ ಹಿಡಿಯುವ ಮಾರ್ಗಕ್ಕೆ ಇದೇ ಸೇವೆ ಕೊಡಬೇಕಾದರೆ ಕನಿಷ್ಠ ಹನ್ನೆರಡು ಬಸ್ಸು ಬೇಕು. ಊರು ಚಿಕ್ಕದಾದಷ್ಟೂ ಇರುವ ಬಸ್ಸುಗಳಲ್ಲೇ ಕಾಯುವ ಹೊತ್ತು ಕಡಿಮೆ ಮಾಡಬಹುದು. ಜನ ಬಸ್ಸು ಬಿಟ್ಟು ಸ್ಕೂಟರ್ ಕೊಳ್ಳುವುದಕ್ಕೆ ಬಸ್ಸಿನ ವೇಗಕ್ಕಿಂತ ದೊಡ್ಡ ಕಾರಣ, ನಿಲ್ದಾಣದಲ್ಲಿ ನಿಂತು ಮುಂದಿನದು ಯಾವಾಗ ಬರುತ್ತದೋ ಎಂದು ತಿಳಿಯದೆ ಕಳೆಯುವ ಹೊತ್ತು ಎಂಬುದು ನನ್ನ ಅನಿಸಿಕೆ. ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ವೇಳಾಪಟ್ಟಿ ನೋಡುವ ಅಗತ್ಯವೇ ಬೀಳುವುದಿಲ್ಲ. ನಿಲ್ದಾಣಕ್ಕೆ ಬಂದರೆ ಸರಾಸರಿ ಐದು ನಿಮಿಷದಲ್ಲಿ ಬಸ್ಸು.

ಫ್ರಾನ್ಸಿನ ಡಂಕರ್ಕ್ ಸುತ್ತಮುತ್ತಲ ಊರುಗಳೂ ಸೇರಿ ಸುಮಾರು ಎರಡು ಲಕ್ಷ ಜನರ ಪ್ರದೇಶ. 2018ರ ಸೆಪ್ಟೆಂಬರ್‌ನಿಂದ ಅಲ್ಲಿ ಬಸ್ಸು ಎಲ್ಲರಿಗೂ ಉಚಿತ. ಸುದ್ದಿಯಾಗಿದ್ದು ಉಚಿತ ಎಂಬುದು ಮಾತ್ರ. ಅದರ ಜೊತೆಗೆ ಅವರು ಇಡೀ ಮಾರ್ಗಜಾಲವನ್ನೇ ಹೊಸದಾಗಿ ಹೆಣೆದು, ಐದು ಮುಖ್ಯ ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬರುವಂತೆ ಮಾಡಿದ್ದರು ಎಂಬುದು ನನಗೆ ಅದಕ್ಕಿಂತ ದೊಡ್ಡ ವಿಷಯವಾಗಿ ಕಾಣುತ್ತದೆ. ಟಿಕೆಟ್ ತೆಗೆದುಹಾಕುವ ಶಕ್ತಿ ನಮ್ಮ ಬೊಕ್ಕಸಕ್ಕೆ ಇದೆಯೋ ಇಲ್ಲವೋ, ಅದನ್ನು ನೀವು ಬಲ್ಲಿರಿ. ಆದರೆ ಊರೆಲ್ಲ ಸುತ್ತಿ ಬಳಸಿ ಗಂಟೆಗೊಮ್ಮೆ ಬರುವ ಹತ್ತಾರು ಮಾರ್ಗಗಳನ್ನು ನೇರ ಮಾಡಿ, ಒಂದೆರಡು ಮಾರ್ಗಗಳಲ್ಲಾದರೂ ಬೆಳಗ್ಗೆಯಿಂದ ರಾತ್ರಿವರೆಗೆ ಹತ್ತು ನಿಮಿಷದ ಭರವಸೆ ಕೊಡುವುದು ಈ ವರ್ಷವೇ ಆಗುವ ಕೆಲಸ. ಬಸ್ಸು ಓಡಿಸುವವರು ಬೇರೆ ಸಂಸ್ಥೆಯವರು ಎಂದು ನೀವು ಹೇಳಬಹುದು, ನಿಜ. ಅವರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಮಾತಾಡುವ ಅಧಿಕಾರ ನಿಮ್ಮ ಕುರ್ಚಿಗೆ ಇದೆ.

ಎರಡನೆಯದು ಜೀವದ ಪ್ರಶ್ನೆ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೋಬೋಕನ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಅರವತ್ತು ಸಾವಿರ ಚಿಲ್ಲರೆ ಜನ. ಎಲ್ಲರೂ ಒತ್ತೊತ್ತಾಗಿ ಇರುವ ಇಕ್ಕಟ್ಟಿನ ಊರು. ಅಲ್ಲಿ 2017ರ ಜನವರಿಯ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಕೇಳಿದರೆ ಇಷ್ಟೇನಾ ಎನಿಸುತ್ತದೆ: ಬೀದಿ ಕೂಡುವ ಮೂಲೆಗಳಲ್ಲಿ ವಾಹನ ನಿಲ್ಲದಂತೆ ಕೆಲವು ಮೀಟರ್ ಜಾಗ ಖಾಲಿ ಮಾಡಿ, ಅಲ್ಲಿ ಕಂಬಗಳನ್ನೋ ಸೈಕಲ್ ಸ್ಟ್ಯಾಂಡನ್ನೋ ಹಾಕಿದರು. ಮೂಲೆಯಲ್ಲಿ ಒಂದು ವ್ಯಾನ್ ನಿಂತಿದ್ದರೆ ಅದರ ಹಿಂದಿನಿಂದ ರಸ್ತೆಗಿಳಿಯುವ ಮಗು ಚಾಲಕನಿಗೆ ಕಾಣುವುದಿಲ್ಲ, ಬರುವ ಗಾಡಿ ಮಗುವಿಗೂ ಕಾಣುವುದಿಲ್ಲ. ಆ ಜಾಗ ಖಾಲಿ ಇದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಮೊದಲೇ ನೋಡುತ್ತಾರೆ.

ಅವರು ಇದನ್ನು ಮಾಡಿದ ಕ್ರಮ ನಿಮಗೆ ಉಪಯೋಗಕ್ಕೆ ಬರುತ್ತದೆ. ಬೇರೆ ಟೆಂಡರ್, ಬೇರೆ ಯೋಜನೆ ಎಂದು ಕಾಯುತ್ತ ಕೂರಲಿಲ್ಲ. ಯಾವ ಬೀದಿಗೆ ಡಾಂಬರು ಹಾಕುವ ಸರದಿ ಬಂತೋ ಆ ಬೀದಿಯ ಮೂಲೆಗಳನ್ನು ಅದೇ ಕಾಮಗಾರಿಯಲ್ಲಿ ಸರಿ ಮಾಡುತ್ತ ಹೋದರು. ನಮ್ಮ ನಗರದಲ್ಲೂ ಪ್ರತಿವರ್ಷ ಒಂದಷ್ಟು ಬೀದಿಗಳಿಗೆ ಡಾಂಬರು ಬೀಳುತ್ತದೆ. ಆ ಅಂದಾಜುಪಟ್ಟಿಯಲ್ಲೇ ಮೂಲೆ ಖಾಲಿ ಮಾಡುವುದು, ಜೀಬ್ರಾ ಪಟ್ಟೆ ಬಳಿಯುವುದು, ಫುಟ್‌ಪಾತಿನ ಅಂಚನ್ನು ಗಾಲಿಕುರ್ಚಿ ಇಳಿಯುವಷ್ಟು ಇಳಿಜಾರು ಮಾಡುವುದು ಸೇರಿಬಿಟ್ಟರೆ ಕೆಲವೇ ವರ್ಷಗಳಲ್ಲಿ ಇಡೀ ಊರೇ ಬದಲಾಗುತ್ತದೆ.

ಇನ್ನು ವೇಗ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗುತ್ತದೆ. ಅಡ್ಡ ಬಂದವರನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಆ ಒಂದು ಸೆಕೆಂಡು ಬೇಕೇ ಬೇಕು. ಅದೇ ಜಾಗದಲ್ಲಿ 30 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಕಾರು, ಆ ಸೆಕೆಂಡು ಕಳೆದು ಬ್ರೇಕ್ ಹಿಡಿದು, ಒಣ ರಸ್ತೆಯಲ್ಲಿ 14 ಮೀಟರ್ ಒಳಗೆ ನಿಂತೇ ಬಿಟ್ಟಿರುತ್ತದೆ. ನಿಧಾನದ ಕಾರು ಪೂರ್ತಿ ನಿಂತ ಜಾಗಕ್ಕೆ ಬರುವಾಗ ವೇಗದ ಕಾರಿನ ಬ್ರೇಕು ಆಗಷ್ಟೇ ಹಿಡಿಯತೊಡಗಿರುತ್ತದೆ! ಫಿನ್ಲೆಂಡಿನ ಹೆಲ್ಸಿಂಕಿ ತನ್ನ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ವೇಗದ ಮಿತಿಯನ್ನು 30ಕ್ಕೆ ಇಳಿಸಿದೆ. 2024ರ ಜುಲೈನಿಂದ 2025ರ ಜುಲೈವರೆಗೆ ಅಲ್ಲಿ ಒಂದೇ ಒಂದು ರಸ್ತೆ ಸಾವೂ ಆಗಲಿಲ್ಲ. ಏಳು ಲಕ್ಷದ ಹತ್ತಿರ ಜನರಿರುವ ರಾಜಧಾನಿಯ ಮಾತಿದು. ಅಲ್ಲಿ ಕ್ಯಾಮೆರಾಗಳಿವೆ, ಒಳ್ಳೆಯ ಬಸ್ಸು ಟ್ರ್ಯಾಮುಗಳಿವೆ, ವರ್ಷಾನುಗಟ್ಟಲೆ ಸುಧಾರಿಸಿದ ರಸ್ತೆ ವಿನ್ಯಾಸವಿದೆ. ಬೋರ್ಡು ಬರೆದು ನೆಟ್ಟ ಮಾತ್ರಕ್ಕೆ ಆದದ್ದಲ್ಲ. ನಾನು ಕೇಳುವುದು ಇದರ ಮೊದಲ ಮೆಟ್ಟಿಲು. ನಗರದ ಪ್ರತಿಯೊಂದು ಶಾಲೆಯ ಮುಂದಿನ ಬೀದಿ ಈ ವರ್ಷದ ಪಟ್ಟಿಯಲ್ಲಿ ಇರಲಿ, ಪ್ರತಿ ಶಾಲೆಯ ಎದುರು ಒಂದು ತಿಂಗಳ ಹೆಸರಿರಲಿ. ಮಗುವನ್ನು ಶಾಲೆಗೆ ಕಳಿಸುವ ತಾಯಿ ಈ ವರ್ಷ ಎದುರುನೋಡಬಹುದಾದ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಮಳೆಯ ವಿಷಯಕ್ಕೆ ಬರುತ್ತೇನೆ. ಮಳೆಗಾಲ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಚರಂಡಿಯ ಹೂಳೆತ್ತುವ ಟೆಂಡರ್ ಮಾತ್ರ ಮೊದಲ ಮಳೆ ಬಿದ್ದ ಮೇಲೆ ಅಂತಿಮವಾಗುವ ನಗರಗಳು ಎಷ್ಟೋ ಇವೆ. ಎತ್ತಿದ ಹೂಳನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ಚರಂಡಿಗೇ ಸೇರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಹೂಳೆತ್ತುವ ದಿನದ ಪಕ್ಕದಲ್ಲಿ ಹೂಳು ಸಾಗಿಸುವ ದಿನವೂ ಇರಬೇಕು. ಇದು ಸಣ್ಣ ಮಾತಿನಂತೆ ಕಾಣಬಹುದು. ತಗ್ಗಿನ ಬೀದಿಯಲ್ಲಿ ಮನೆ ಇರುವವರನ್ನು ಕೇಳಿ, ಅವರು ಹೇಳುತ್ತಾರೆ.

ಸ್ವೀಡನ್ನಿನ ಮಾಲ್ಮೊ ನಗರದ ಆಗಸ್ಟೆನ್‌ಬೊರ್ಗ್ ಎಂಬ ಬಡಾವಣೆ ಮಳೆ ಬಂದಾಗಲೆಲ್ಲ ನೆಲಮಾಳಿಗೆಗಳಿಗೆ ನೀರು ನುಗ್ಗಿಸಿಕೊಳ್ಳುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಲ್ಲಿನವರು ಇನ್ನೂ ದಪ್ಪನೆಯ ಕೊಳವೆ ಹೂಳುವ ದಾರಿ ಬಿಟ್ಟರು. ಛಾವಣಿಗಳ ಮೇಲೆ ಗಿಡ ಬೆಳೆಸಿದರು, ಅಂಗಳಗಳಲ್ಲಿ ತೆರೆದ ಕಾಲುವೆ ತೋಡಿದರು, ನೀರು ನಿಂತು ನಿಧಾನಕ್ಕೆ ಹರಿಯಲೆಂದು ಸಣ್ಣ ಕೊಳಗಳನ್ನು ಮಾಡಿದರು. 2014ರ ಆಗಸ್ಟ್ ಕೊನೆಯಲ್ಲಿ ಮಾಲ್ಮೊ ನಗರದ ಮೇಲೆ ಭಾರಿ ಮಳೆ ಸುರಿದು ಬೇರೆ ಬಡಾವಣೆಗಳು ಮುಳುಗಿದಾಗ ಆಗಸ್ಟೆನ್‌ಬೊರ್ಗ್‌ಗೆ ಆದ ಹಾನಿ ಬಹಳ ಕಡಿಮೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಕೂಡ 2011ರ ಜುಲೈ 2ರಂದು ಸುರಿದ ಮಳೆಯಲ್ಲಿ ಮುಳುಗಿ, ಆ ಮೇಲೆ ಪಾಠ ಕಲಿಯಿತು. ಅಲ್ಲಿನ ಎಂಗ್‌ಹಾವೆಪಾರ್ಕನ್ ಎಂಬ ಹಳೆಯ ಉದ್ಯಾನವನ್ನು ಹೊಸದಾಗಿ ಕಟ್ಟಿ 2019ರಲ್ಲಿ ತೆರೆದರು. ಬೇರೆ ದಿನ ಮಕ್ಕಳು ಆಡುವ ಜಾಗ. ಮೋಡ ಒಡೆದ ದಿನ ಸುಮಾರು 22,600 ಘನ ಮೀಟರ್ ನೀರನ್ನು ಹಿಡಿದಿಡುವ ಕೆರೆ. ನಮ್ಮ ನಗರದಲ್ಲಿ ಪಾರ್ಕುಗಳು ಸುತ್ತಲ ರಸ್ತೆಗಿಂತ ಎತ್ತರದಲ್ಲಿವೆ. ಮಣ್ಣು ತುಂಬಿಸಿ, ಸುತ್ತ ಗೋಡೆ ಕಟ್ಟಿದ್ದೇವೆ. ನೀರು ಪಾರ್ಕಿನಿಂದ ರಸ್ತೆಗೆ ಹರಿಯುತ್ತದೆ, ಆಗಬೇಕಾದದ್ದು ಇದರ ತದ್ವಿರುದ್ಧ. ಒಂದೇ ಒಂದು ಪಾರ್ಕನ್ನು ಈ ವರ್ಷ ತಗ್ಗು ಮಾಡಿ ತೋರಿಸಿ. ಮಳೆಗಾಲದಲ್ಲಿ ಅದು ಏನು ಮಾಡುತ್ತದೆಂದು ಊರಿನವರೆಲ್ಲ ಹೋಗಿ ನೋಡುತ್ತಾರೆ.

ಮರಗಳ ಬಗ್ಗೆ ಒಂದೇ ಮಾತು. ನೆಟ್ಟ ಸಸಿಗಳ ಸಂಖ್ಯೆ ಹೇಳುವುದನ್ನು ನಿಲ್ಲಿಸಿ, ಮೂರು ಬೇಸಿಗೆ ದಾಟಿ ಬದುಕಿದ ಸಸಿಗಳ ಸಂಖ್ಯೆ ಹೇಳಿ.

ನೀರು ಪೂರೈಕೆಯ ವಿಷಯದಲ್ಲಿ ಹೊಸ ಜಲಾಶಯ, ಹೊಸ ಕೊಳವೆಮಾರ್ಗದ ಮಾತು ಕೇಳಿಬರುವಾಗಲೆಲ್ಲ ನನಗೆ ಕಾಂಬೋಡಿಯದ ನಾಮ್‌ಪೆನ್ ನೆನಪಾಗುತ್ತದೆ. ಯುದ್ಧದಿಂದ ನಲುಗಿದ್ದ ಆ ನಗರ 1993ರಲ್ಲಿ ಶುದ್ಧೀಕರಿಸಿದ ನೀರಿನಲ್ಲಿ ಶೇ. 72ರಷ್ಟನ್ನು ಸೋರಿಕೆಗೂ ಕಳ್ಳ ಸಂಪರ್ಕಗಳಿಗೂ ಕಳೆದುಕೊಳ್ಳುತ್ತಿತ್ತು. ಜಲಮಂಡಳಿಯ ಹೊಣೆ ಹೊತ್ತ ಎಕ್ ಸೋನ್ ಚಾನ್ ಮೀಟರ್ ಹಾಕಿಸಿದರು, ಹಳೆಯ ಕೊಳವೆ ಬದಲಿಸಿದರು, ಎಷ್ಟೇ ದೊಡ್ಡವರಾದರೂ ಬಿಲ್ ಕಟ್ಟದಿದ್ದರೆ ಸಂಪರ್ಕ ಕಡಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ನಷ್ಟ ಶೇ. 6ರ ಆಸುಪಾಸಿಗೆ ಇಳಿದಿತ್ತು. ನಮ್ಮಲ್ಲಿ ಎಷ್ಟು ನೀರು ಸೋರುತ್ತಿದೆ ಎಂಬ ಅಂಕಿ ಮೊದಲು ಜನರ ಮುಂದೆ ಬರಲಿ. ದಿನ ಬಿಟ್ಟು ದಿನ ನೀರು ಬಿಡುವ ವ್ಯವಸ್ಥೆಯಲ್ಲಿ ಇನ್ನೊಂದು ಅಪಾಯವೂ ಇದೆ: ಕೊಳವೆಯಲ್ಲಿ ಒತ್ತಡ ಇಲ್ಲದ ಹೊತ್ತಿನಲ್ಲಿ ಸುತ್ತಲಿನ ಕೊಳಕು ನೀರು ಬಿರುಕುಗಳ ಮೂಲಕ ಒಳಕ್ಕೆ ನುಗ್ಗುತ್ತದೆ. ಹಾಗಾಗಿ ಸೋರಿಕೆ ತಡೆದರೆ ನೀರೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಇಡೀ ನಗರಕ್ಕೆ ಒಂದೇ ವರ್ಷದಲ್ಲಿ ಆಗುವ ಕೆಲಸ ಇದಲ್ಲ. ಒಂದು ವಲಯಕ್ಕೆ ಆಗುತ್ತದೆ. ಆ ವಲಯದ ಹೆಸರು ಹೇಳಿ.

ಈಗ ನಿಮಗೆ ಕಷ್ಟವೆನಿಸುವ ಕೋರಿಕೆಗೆ ಬರುತ್ತೇನೆ. ನಗರದ ನಡುವಿನ ಒಂದು ಅಂಗಡಿಬೀದಿಯನ್ನು ಈ ವರ್ಷ ವಾಹನಗಳಿಂದ ಬಿಡಿಸಿ, ನಡೆಯುವವರಿಗೆ ಕೊಡಿ.

ಅಂಗಡಿಯವರು ಒಪ್ಪುವುದಿಲ್ಲ ಎಂಬುದು ಮೊದಲ ಮಾತು. ಅವರ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ತಿಂಗಳ ವ್ಯಾಪಾರ ಕೈತಪ್ಪಿದರೆ ಬಾಡಿಗೆ ಕಟ್ಟಲಾಗದವರು ಅಲ್ಲಿದ್ದಾರೆ. ಆದರೆ ಇದೇ ಭಯವನ್ನು ಎದುರಿಸಿ ದಾಟಿದ ನಗರಗಳಿವೆ. ಬ್ರೆಜಿಲಿನ ಕುರಿಚಿಬಾದಲ್ಲಿ 1972ರಲ್ಲಿ ಜೈಮೆ ಲೆರ್ನರ್ ಮೇಯರ್ ಆಗಿದ್ದರು. ಆಗ ಅದು ಸುಮಾರು ಆರು ಲಕ್ಷ ಜನರ ಊರು. ಮುಖ್ಯ ಬೀದಿಯಾದ ಹದಿನೈದನೇ ನವೆಂಬರ್ ರಸ್ತೆಯ ಒಂದು ಭಾಗವನ್ನು ಶುಕ್ರವಾರ ಸಂಜೆ ಅಗೆಯಲು ಶುರು ಮಾಡಿ, ವಾರಾಂತ್ಯ ಕಳೆಯುವಷ್ಟರಲ್ಲಿ ಕಲ್ಲುಹಾಸು, ಹೂಕುಂಡ, ದೀಪ ಎಲ್ಲ ಹಾಕಿ ಮುಗಿಸಿದರು. ವಿರೋಧಿಸುತ್ತಿದ್ದ ವ್ಯಾಪಾರಿಗಳೇ ಸ್ವಲ್ಪ ದಿನದಲ್ಲಿ ಇದನ್ನು ಮುಂದಕ್ಕೂ ವಿಸ್ತರಿಸಿ ಎಂದು ಕೇಳಿದರು. ಕಾರಿನವರು ಗುಂಪಾಗಿ ಬಂದು ಬೀದಿಯನ್ನು ಮರಳಿ ವಶಪಡಿಸಿಕೊಳ್ಳುತ್ತಾರೆಂಬ ಸುದ್ದಿ ಬಂದಾಗ, ನಗರಸಭೆ ಬೀದಿಯುದ್ದಕ್ಕೂ ಕಾಗದ ಹಾಸಿ ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿತು. ಕಾರುಗಳು ಹಿಂದಕ್ಕೆ ಹೋದವು.

ಮೂರು ದಿನದ ಆ ಆತುರವನ್ನು ನಾನು ಶಿಫಾರಸು ಮಾಡುವುದಿಲ್ಲ. ಜನರನ್ನು ಕೇಳದೆ ಮಾಡುವ ಒಳ್ಳೆಯ ಕೆಲಸವೂ ಮುಂದಿನ ಮೇಯರ್ ಕಾಲಕ್ಕೆ ಅಳಿಸಿಹೋಗಬಹುದು. ನೆದರ್ಲೆಂಡ್ಸಿನ ಖ್ರೋನಿಂಗನ್ ನಗರದ ದಾರಿ ನಮಗೆ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. 1977ರಲ್ಲಿ ಅವರು ನಗರಕೇಂದ್ರವನ್ನು ನಾಲ್ಕು ಭಾಗ ಮಾಡಿದರು. ಕಾರಿನಲ್ಲಿ ಯಾವ ಭಾಗಕ್ಕಾದರೂ ಬರಬಹುದು, ಆದರೆ ಒಂದು ಭಾಗದಿಂದ ಇನ್ನೊಂದಕ್ಕೆ ನೇರ ದಾಟುವಂತಿಲ್ಲ. ಹೊರಗಿನ ವರ್ತುಲ ರಸ್ತೆಗೆ ಹೋಗಿ ಬಳಸಿ ಬರಬೇಕು. ನಡೆಯುವವರಿಗೂ ಸೈಕಲ್‌ನವರಿಗೂ ಎಲ್ಲ ಕಡೆ ನೇರ ದಾರಿ. ಅಂಗಡಿಗೆ ಸರಕು ಬರುವುದು ನಿಲ್ಲಲಿಲ್ಲ. ನಿಂತದ್ದು ಕೇಂದ್ರದಲ್ಲಿ ಯಾವ ಕೆಲಸವೂ ಇಲ್ಲದೆ ಅದನ್ನು ಸೀಳಿಕೊಂಡು ಹೋಗುತ್ತಿದ್ದ ಸಂಚಾರ. ನಲವತ್ತು ವರ್ಷಗಳ ನಂತರ, 2017ರಲ್ಲಿ, ಬೆಲ್ಜಿಯಂನ ಗೆಂಟ್ ಕೂಡ ಇದೇ ಜಾಡು ಹಿಡಿಯಿತು.

ಇದಕ್ಕಿಂತ ಅಗ್ಗವಾದ ಒಂದು ಉಪಾಯ ಸ್ಪೇನಿನ ಪೊಂಟೆವೆಡ್ರದಲ್ಲಿದೆ. ಸುಮಾರು 83 ಸಾವಿರ ಜನರ ಊರು. 1999ರಲ್ಲಿ ಮೇಯರ್ ಆದ ಮಿಗೆಲ್ ಅನ್ಶೊ ಫರ್ನಾಂಡಿಸ್ ಲೋರೆಸ್ ಹಳೆಯ ಪೇಟೆಯನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟರು. ಮತ್ತೆ ಮತ್ತೆ ಗೆದ್ದೂ ಬಂದರು. ಆ ಊರಿನವರು ಮೆಟ್ರೊ ನಕ್ಷೆಯಂಥ ಒಂದು ನಕ್ಷೆ ಮಾಡಿದ್ದಾರೆ, ಮೆಟ್ರೊಮಿನುಟೊ ಎಂದು ಅದರ ಹೆಸರು. ಅದರಲ್ಲಿರುವುದು ರೈಲಲ್ಲ, ನಡಿಗೆ: ಮಾರುಕಟ್ಟೆಯಿಂದ ನಿಲ್ದಾಣಕ್ಕೆ ಎಷ್ಟು ನಿಮಿಷ, ಆಸ್ಪತ್ರೆಗೆ ಎಷ್ಟು ನಿಮಿಷ ಎಂದು ಬಣ್ಣದ ಗೆರೆಗಳ ಮೇಲೆ ಬರೆದಿದೆ. ಮಧ್ಯಮ ಗಾತ್ರದ ಊರಿನಲ್ಲಿ ಇರುವವರಿಗೇ ತಮ್ಮ ಊರು ನಡೆದು ದಾಟಬಹುದಾದಷ್ಟು ಚಿಕ್ಕದು ಎಂಬುದು ಮರೆತುಹೋಗಿರುತ್ತದೆ. ಇಂಥ ನಕ್ಷೆಗೆ ಕಾಗದ, ಶಾಯಿ, ಒಬ್ಬ ಒಳ್ಳೆಯ ವಿನ್ಯಾಸಕಿ ಸಾಕು. ವರ್ಷದ ಮೊದಲ ತಿಂಗಳಲ್ಲೇ ಕೊಡಬಹುದು.

ಬೀದಿ ಬಿಟ್ಟುಕೊಡುವಾಗ ವಯಸ್ಸಾದವರನ್ನು, ನಡೆಯಲಾಗದವರನ್ನು ಮರೆಯಬೇಡಿ. ಸ್ಲೊವೇನಿಯದ ಲ್ಯುಬ್ಲಿಯಾನ 2007ರಿಂದ ತನ್ನ ಕೇಂದ್ರವನ್ನು ವಾಹನಗಳಿಗೆ ಮುಚ್ಚುತ್ತ ಬಂದಾಗ, ಅವರಿಗಾಗಿ ನಿಧಾನಕ್ಕೆ ಓಡುವ ಪುಟ್ಟ ವಿದ್ಯುತ್ ಗಾಡಿಗಳನ್ನು ಉಚಿತವಾಗಿ ಬಿಟ್ಟಿತು. ಕೈ ತೋರಿಸಿದರೆ ನಿಲ್ಲುತ್ತವೆ. ಅಂಥದ್ದೊಂದು ಏರ್ಪಾಡು ಇಲ್ಲದೆ ಬೀದಿ ಮುಚ್ಚಿದರೆ ನಾನೇ ವಿರೋಧಿಸುತ್ತೇನೆ.

ಗ್ರಂಥಾಲಯದ ಬಗ್ಗೆ ಬರೆಯದಿದ್ದರೆ ಮನಸ್ಸು ಕೇಳುವುದಿಲ್ಲ. ಡೆನ್ಮಾರ್ಕಿನ ಆರ್ಹುಸ್ 2015ರಲ್ಲಿ ಬಂದರಿನ ಅಂಚಿನಲ್ಲಿ ಡಾಕ್1 ಎಂಬ ಗ್ರಂಥಾಲಯ ತೆರೆಯಿತು. ಅದರೊಳಗೆ ಒಂದು ದೊಡ್ಡ ಗಂಟೆ ಇಳಿಬಿದ್ದಿದೆ. ಊರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ತಂದೆತಾಯಿ ಅಲ್ಲಿಂದಲೇ ಒಂದು ಗುಂಡಿ ಒತ್ತುತ್ತಾರೆ, ಗ್ರಂಥಾಲಯದಲ್ಲಿ ಗಂಟೆ ಮೊಳಗುತ್ತದೆ. ಓದುತ್ತ ಕೂತವರಿಗೆ ಊರಿಗೆ ಒಂದು ಹೊಸ ಜೀವ ಬಂತೆಂದು ಗೊತ್ತಾಗುತ್ತದೆ. ಅಂಥ ಕಟ್ಟಡ ನಮಗೆ ಸದ್ಯಕ್ಕೆ ಬೇಡ. ಇರುವ ಗ್ರಂಥಾಲಯವನ್ನು ಕೆಲಸ ಮುಗಿಸಿ ಬರುವವರಿಗೂ ಸಿಗುವಂತೆ ರಾತ್ರಿ ಒಂಬತ್ತರವರೆಗೆ ತೆರೆದಿಡಿ. ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗ ಹುಡುಗಿಯರಿಗೆ ಒಂದು ಮೇಜು, ಒಂದು ಫ್ಯಾನು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಸಿಗಲಿ.

ದೊಡ್ಡ ಯೋಜನೆಗಳೇ ಬೇಡವೆಂಬುದು ನನ್ನ ವಾದವಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ 1970ರ ದಶಕದಲ್ಲಿ ಊರ ಸುತ್ತಲಿನ ಹಳೆಯ ಕಾಲುವೆಯ ಒಂದು ಭಾಗವನ್ನು ಬತ್ತಿಸಿ ಹೆದ್ದಾರಿ ಮಾಡಿತ್ತು. 2002ರಲ್ಲಿ ಜನಮತ ಕೇಳಿ, ಹೆದ್ದಾರಿ ಕಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಕಾಲುವೆಗೆ ಮತ್ತೆ ಪೂರ್ತಿ ನೀರು ಹರಿಸಿತು. ಹದಿನೆಂಟು ವರ್ಷ ಹಿಡಿಯಿತು. ಜನ ಕಾಯಲು ಸಿದ್ಧರಿರುತ್ತಾರೆ, ತಾವೇ ಮತ ಹಾಕಿ ಒಪ್ಪಿದ ಕೆಲಸ ಮುಂದೆ ಸಾಗುತ್ತಿದೆ ಎಂಬುದು ಕಣ್ಣಿಗೆ ಕಂಡರೆ. ಹಾಗಾಗಿ ದೀರ್ಘ ಯೋಜನೆಯನ್ನೂ ಪಟ್ಟಿಗೆ ತನ್ನಿ, ಆದರೆ ಈ ವರ್ಷದ ಪಾಲು ಎಷ್ಟೆಂದು ಬರೆದು ತನ್ನಿ.

ಪಟ್ಟಿ ಹೊರಡಿಸುವುದರಲ್ಲಿ ನನಗೆ ಕಾಣುವ ಬಹುದೊಡ್ಡ ಲಾಭ ನಿಮ್ಮ ಕಚೇರಿಯೊಳಗೇ ಇದೆ. ಹೊಸ ಡಾಂಬರು ಬಿದ್ದ ಕೆಲವೇ ವಾರಗಳಲ್ಲಿ ನೀರಿನ ಕೊಳವೆಗೆಂದು ಅದೇ ರಸ್ತೆಯನ್ನು ಅಗೆಯುತ್ತಾರೆ. ಅದು ಮುಚ್ಚುವಷ್ಟರಲ್ಲಿ ಕೇಬಲ್‌ನವರು ಬರುತ್ತಾರೆ. ಇದರಲ್ಲಿ ಯಾರದೋ ದುರುದ್ದೇಶವೇ ಇರಬೇಕೆಂದಿಲ್ಲ. ನೀರಿನವರ ಕಡತ ಒಂದು ಕಡೆ, ರಸ್ತೆಯವರ ಕಡತ ಇನ್ನೊಂದು ಕಡೆ, ವಿದ್ಯುತ್ತಿನವರದು ಮತ್ತೊಂದು ಕಟ್ಟಡದಲ್ಲಿ. ಪ್ರತಿಯೊಬ್ಬರ ದಿನಾಂಕವೂ ಒಂದೇ ಹಾಳೆಯ ಮೇಲೆ, ಬೀದಿವಾರು, ಜನರ ಕಣ್ಣೆದುರು ಅಚ್ಚಾಗಬೇಕು ಎಂದ ಕೂಡಲೇ ಅವರೆಲ್ಲ ಒಂದು ಮೇಜಿನ ಸುತ್ತ ಕೂರಲೇಬೇಕಾಗುತ್ತದೆ. ಮೊದಲು ನೆಲದೊಳಗಿನ ಕೆಲಸ, ಆಮೇಲೆ ನೆಲದ ಮೇಲಿನದು ಎಂಬ ಕ್ರಮ ಆ ಹಾಳೆಯಿಂದಲೇ ಹುಟ್ಟುತ್ತದೆ. ಗುತ್ತಿಗೆದಾರರಿಗೂ ಇದರಿಂದ ಅನುಕೂಲ: ಯಾವಾಗ ಆಳು ಬೇಕು, ಯಾವಾಗ ಬಿಲ್ ಪಾಸಾಗುತ್ತದೆ ಎಂಬುದು ಮುಂಚೆಯೇ ತಿಳಿದಿರುತ್ತದೆ.

ದಿನಾಂಕ ತಪ್ಪಿದರೆ ಮುಖಭಂಗವಾಗುತ್ತದೆ ಎಂಬ ಅಳುಕು ನಿಮಗಿರಬಹುದು. ತಪ್ಪುವ ದಿನಾಂಕಗಳು ಖಂಡಿತ ಇರುತ್ತವೆ. ಮಳೆ ಬೇಗ ಬರುತ್ತದೆ, ಟೆಂಡರ್‌ಗೆ ಯಾರೂ ಬರುವುದಿಲ್ಲ, ನೆಲ ಅಗೆದರೆ ನಕ್ಷೆಯಲ್ಲಿಲ್ಲದ ಕೊಳವೆ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಅದೇ ಪಟ್ಟಿಯನ್ನು ತಿದ್ದಿ ಪ್ರಕಟಿಸಿ: ಇದು ಮುಗಿಯಿತು, ಇದು ಈ ಕಾರಣಕ್ಕೆ ತಡವಾಯಿತು, ಹೊಸ ತಿಂಗಳು ಇದು. ಕಾರಣ ಹೇಳಿದ ತಡವನ್ನು ಜನ ಕ್ಷಮಿಸುತ್ತಾರೆ. ಏನೂ ಹೇಳದೆ ರಸ್ತೆ ಅಗೆದು ಬಿಟ್ಟುಹೋದಾಗಲೇ ಸಿಟ್ಟು ಬರುವುದು, ಮತ್ತು ಆ ಸಿಟ್ಟು ನಿಮ್ಮ ಮೇಲೆ ಬೀಳುವುದಕ್ಕೆ ಮೊದಲು ಅಲ್ಲಿ ಗುದ್ದಲಿ ಹಿಡಿದು ನಿಂತ ಕೂಲಿಯವರ ಮೇಲೆ ಬೀಳುತ್ತದೆ. ಅದು ಅನ್ಯಾಯ.

ಪ್ರತಿ ವಾರ್ಡಿನಲ್ಲಿ ಒಂದು ಸಾಲನ್ನು ಮಾತ್ರ ಖಾಲಿ ಬಿಡಿ. ಅದನ್ನು ಅಲ್ಲಿನ ಜನ ಸಭೆ ಸೇರಿ ತುಂಬಲಿ. ಬ್ರೆಜಿಲಿನ ಪೋರ್ಟೊ ಅಲೆಗ್ರೆ 1989ರಲ್ಲಿ ಬಜೆಟ್ಟಿನ ಒಂದು ಪಾಲನ್ನು ಬಡಾವಣೆಗಳ ಸಭೆಗಳಿಗೆ ಬಿಟ್ಟುಕೊಟ್ಟ ಮೇಲೆ ಅದನ್ನು ಜಗತ್ತಿನ ಸಾವಿರಾರು ಊರುಗಳು ತಮ್ಮ ತಮ್ಮ ರೀತಿಯಲ್ಲಿ ಅನುಸರಿಸಿವೆ. ಅದು ನಮಗಿಂತ ಬಹಳ ದೊಡ್ಡ ನಗರ; ಅಲ್ಲಿ ಆದದ್ದು ಇಲ್ಲಿ ಇನ್ನೂ ಸುಲಭವಾಗಿ ಆಗಬೇಕು. ಸಭೆಯನ್ನು ಸಂಜೆಯ ಹೊತ್ತು ಇಟ್ಟುಕೊಳ್ಳಿ, ಹಗಲು ದುಡಿಯುವವರು ಬರಲಿ. ಮಕ್ಕಳನ್ನು ಕರೆದುಕೊಂಡು ಬರುವ ಹೆಂಗಸರಿಗೆ ಕೂರಲು ಜಾಗವಿರಲಿ. ಬೀದಿದೀಪ, ಸಾರ್ವಜನಿಕ ಶೌಚಾಲಯ, ನಿಲ್ದಾಣದ ನೆರಳು ಇಂಥವು ಅಲ್ಲಿ ಮೊದಲು ಬರುತ್ತವೆ ಎಂಬುದು ನನ್ನ ಊಹೆ. ಕಚೇರಿಯ ಆದ್ಯತೆಗೂ ಅವರ ಆದ್ಯತೆಗೂ ಎಷ್ಟು ಅಂತರ ಇದೆ ಎಂಬುದು ನಿಮಗೂ ತಿಳಿಯುತ್ತದೆ.

ಮುಂದಿನ ಕೌನ್ಸಿಲ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ ಎಂದು ಕೇಳಿಕೊಳ್ಳುತ್ತೇನೆ. ಬಜೆಟ್ ಮಂಡನೆಯ ದಿನವೇ ಪಟ್ಟಿಯೂ ಹೊರಬರಲಿ. ವಾರ್ಡ್ ಕಚೇರಿಯ ಗೋಡೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಬಾಗಿಲಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಶಾಲೆಗಳ ಮುಂದಿನ ಬೀದಿಗಳಿಂದ ಕೆಲಸ ಶುರು ಮಾಡುವುದಾದರೆ, ಬೆಳಗ್ಗೆ ಮತ್ತು ಸಂಜೆ ಆ ಬೀದಿಗಳಲ್ಲಿ ಎಷ್ಟು ಮಕ್ಕಳು ನಡೆದು ಬರುತ್ತಾರೆ, ಗಾಡಿಗಳು ಎಲ್ಲೆಲ್ಲಿ ಅಡ್ಡ ನಿಲ್ಲುತ್ತವೆ ಎಂದು ಎಣಿಸಿ ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧ. ಜೊತೆಗೆ ಬರುವ ನೆರೆಹೊರೆಯವರೂ ಇದ್ದಾರೆ. ಯಾವ ಎಂಜಿನಿಯರ್ ಅವರನ್ನು ಕಾಣಬೇಕು, ಯಾವ ದಿನ ಬರಬೇಕು ಎಂದು ತಿಳಿಸಿ.

ವಿಶ್ವಾಸದಿಂದ,
ನಿಮ್ಮ ನಗರದ ಒಬ್ಬ ನಿವಾಸಿ